ಪೆಟ್ಟಿಗೆ ಕೂಗುವವರೆಗೆ

ಅಂಗಡಿಯಿಂದ,
ತಾರೀಕು ಹದಿನಾಲ್ಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಕಡ್ಡಿಗೆ,

ನಿನ್ನ ಅಣ್ಣನ ಆಶೀರ್ವಾದಗಳು. ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ದಿನಕ್ಕೆ ಹತ್ತು ಗಂಟೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಗೂನು ಹಾಕಿ ಕೂರುವ ಚಾಳಿ ಬಿಟ್ಟಿದ್ದೀಯೋ ಇಲ್ಲವೋ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಏಳು ವರ್ಷ ಬಾಯಿ ಹೊಲಿದುಕೊಂಡಿದ್ದವನು ಈಗ ಸಾಲಾಗಿ ಪ್ರಶ್ನೆ ಕೇಳುತ್ತಿದ್ದಾನಲ್ಲ ಎಂದು ನಿನಗೆ ಅನಿಸಬಹುದು. ಮೊದಲು ಕ್ಷೇಮ, ಆಮೇಲೆ ಸಮಾಚಾರ ಎಂದು ಅಪ್ಪ ಕಲಿಸಿದ್ದು. ಬೇರೆ ರೀತಿ ಶುರು ಮಾಡಲು ನನಗೆ ಬರುವುದಿಲ್ಲ. ಕಡ್ಡಿ ಎಂದು ಕರೆಯಬಹುದೋ ಇಲ್ಲವೋ ಎಂದೂ ಸ್ವಲ್ಪ ಹೊತ್ತು ಯೋಚಿಸಿದೆ. ಸಣಕಲಿ ಎಂದು ಅಪ್ಪ ಇಟ್ಟ ಹೆಸರು ಅದು. ನಿನಗೆ ಮಾತು ಬಂದ ಮೇಲೆ, ಆ ಮಾತೂ ಕಡ್ಡಿ ಮುರಿದ ಹಾಗೇ ಇದ್ದದ್ದರಿಂದ ಹೆಸರು ಗಟ್ಟಿಯಾಯಿತು. ಈಗ ನಿನ್ನನ್ನು ಯಾರು ಏನೆಂದು ಕರೆಯುತ್ತಾರೋ ನನಗೆ ಗೊತ್ತಿಲ್ಲ.

ಇಲ್ಲಿಯ ಸಮಾಚಾರ ಹೇಳುತ್ತೇನೆ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಹತ್ತಲಾಗುವುದಿಲ್ಲ, ಉಳಿದಂತೆ ಗಟ್ಟಿಯಾಗಿದ್ದಾಳೆ. ನನಗೆ ಮದುವೆಯಾಗಿ ಐದು ವರ್ಷ. ನಾಲ್ಕು ವರ್ಷದ ಮಗಳಿದ್ದಾಳೆ. ಮೊನ್ನೆ ಅವಳು ನನ್ನ ಅನ್ನದ ತಟ್ಟೆ ನೋಡಿ, “ಅಪ್ಪಾ, ನೀನು ತಿನ್ನೋದು ನೋಡಿದ್ರೆ ನಂಗೆ ಹಸಿವು ಹೋಗುತ್ತೆ” ಎಂದಳು. ನಿನ್ನ ಅತ್ತಿಗೆ ನಗುತ್ತಾ, “ಇದಕ್ಕೆ ಯಾರ ಬುದ್ಧಿ ಬಂತು?” ಎಂದು ಕೇಳಿದಳು. ಅಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಾನು ನೀರು ಕುಡಿದೆ. ನಮ್ಮ ಮನೆಯಲ್ಲಿ ನಿನ್ನ ಮಾತು ಬರುವುದು ಹೀಗೆ. ನೀನು ವರ್ಷಕ್ಕೊಂದು ಬರೆಯುವ ಕಾಗದಗಳು ತಪ್ಪದೆ ಬಂದಿವೆ, ಅದನ್ನೂ ಹೇಳಿಬಿಡುತ್ತೇನೆ. ಅಮ್ಮ ಒಂದನ್ನೂ ಒಡೆದಿಲ್ಲ. ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಕಾಗದ ಹಾಸುತ್ತಾರಲ್ಲ, ಹಾಗೆ ಹಾಸಿದ್ದಾಳೆ. ನಿನ್ನ ವಿಳಾಸ ನನಗೆ ಸಿಕ್ಕಿದ್ದು ಆ ಲಕೋಟೆಯ ಬೆನ್ನಿನ ಮೇಲಿಂದ.

ಈಗ ಬರೆಯಲು ಕಾರಣ ಒಬ್ಬ ಗಿರಾಕಿ. ಕಳೆದ ಮಂಗಳವಾರ ಜಮೀನು ಅಳೆಯುವ ಸರ್ವೆಯರ್ ಹೆಂಗಸೊಬ್ಬರು ಅಂಗಡಿಗೆ ಕಾರು ತಂದರು. ದಿನವೆಲ್ಲ ಬಯಲಲ್ಲೇ ಕೆಲಸ, ಕಾರಿನಲ್ಲಿ ಕೂತು ನಕ್ಷೆ ಬರೆಯಬೇಕು, ಲ್ಯಾಪ್‌ಟಾಪಿಗೆ ಕಾರಿನಿಂದಲೇ ಕರೆಂಟು ಬರುವ ಹಾಗೆ ಮಾಡಿಕೊಡಿ ಎಂದರು. ನಾನು ಎಲ್ಲ ಗಿರಾಕಿಗಳಿಗೂ ಒಪ್ಪಿಸುವ ಪಾಠ ಒಪ್ಪಿಸಿದೆ: ಇಂಜಿನ್ ಚಾಲೂ ಇರುವಾಗ ಬಳಸಿ, ಇಲ್ಲವಾದರೆ ಇದಕ್ಕೇ ಅಂತ ಬೇರೆ ಬ್ಯಾಟರಿ ಕೂರಿಸೋಣ. ಅವರು ನಕ್ಕು, “ಬ್ಯಾಟರಿ ಇಳಿದ್ರೆ ಇನ್ವರ್ಟರ್ ಪೆಟ್ಟಿಗೆ ಕೂಗುತ್ತಲ್ಲ, ಅದು ಕೂಗೋವರೆಗೂ ಹಾಕ್ಕೊಂಡ್ರೆ ಆಗಲ್ವಾ?” ಎಂದರು. ನಾನು ರೇಗಿಬಿಟ್ಟೆ. “ಆ ಕೂಗು ಪೆಟ್ಟಿಗೆ ಉಳಿಸೋದಕ್ಕೆ ಕಣ್ರೀ, ನಿಮ್ಮನ್ನ ಉಳಿಸೋದಕ್ಕಲ್ಲ. ಅದು ಕೂಗೋ ಹೊತ್ತಿಗೆ ಬ್ಯಾಟರಿಯಲ್ಲಿ ದೀಪ ಉರಿಸೋಷ್ಟು ಜೀವ ಇರುತ್ತೆ, ಇಂಜಿನ್ ತಿರುಗಿಸೋಷ್ಟು ಇರಲ್ಲ. ಅಷ್ಟೂ ತಿಳಿಯಲ್ವಾ?” ಬೀದಿಯಲ್ಲಿ ಹೋಗುವವರು ನಿಂತು ನೋಡುವಷ್ಟು ಜೋರಾಗಿ ಕೂಗಿದ್ದೆ. ಆಕೆ ಪಾಪ, ಕಾರು ತೆಗೆದುಕೊಂಡು ಹೊರಟೇ ಹೋದರು.

ಈ ಮಾತನ್ನು ನಾನು ನಿನಗೆ ಹೇಳಬೇಕಾಗಿತ್ತು. ಅವತ್ತೂ ನನಗೆ ಗೊತ್ತಿತ್ತು ಕಡ್ಡಿ. ಹನ್ನೊಂದು ವರ್ಷದಿಂದ ಗಾಡಿಗಳ ವೈರಿಂಗ್ ಮಾಡುತ್ತಿದ್ದವನಿಗೆ ಗೊತ್ತಿರದೆ ಇರುತ್ತದೆಯೇ?

ಬಿರುಗಾಳಿಯ ವಾರ ನಿನಗೆ ನೆನಪಿರುತ್ತದೆ. ಕಂಬಗಳೆಲ್ಲ ಮಲಗಿ ಮನೆಗೆ ಕರೆಂಟಿಲ್ಲ, ಮೊಬೈಲ್ ಟವರ್ ಬಿದ್ದು ಫೋನೂ ಇಲ್ಲ. ಬೇಕರಿಗಳು ಮುಚ್ಚಿದ್ದರಿಂದ ಅವಕ್ಕೆ ಹಿಟ್ಟು ಸಾಗಿಸುವ ಅಪ್ಪನ ವ್ಯಾನು ಅಂಗಳದಲ್ಲೇ ನಿಂತಿತ್ತು. ನಿನಗೆ ಮಾತ್ರ ರಜೆಯಿಲ್ಲ. ನ್ಯಾಯಾಲಯದ ಸಾಕ್ಷಿಗಳ ಧ್ವನಿಮುದ್ರಣ ಕೇಳಿ ಅಕ್ಷರಕ್ಕಿಳಿಸಿ ಆ ಶನಿವಾರದೊಳಗೆ ಕೊಡಲೇಬೇಕು. ನಿನ್ನ ಲ್ಯಾಪ್‌ಟಾಪೋ, ಗೋಡೆಯ ಪ್ಲಗ್ಗಿನಿಂದ ಕಿತ್ತರೆ ಹತ್ತು ನಿಮಿಷವೂ ಬದುಕುತ್ತಿರಲಿಲ್ಲ. “ಅಣ್ಣಾ, ವ್ಯಾನಿಗೆ ಇನ್ನೊಂದು ಬ್ಯಾಟರಿ ಹಾಕಿಕೊಡು, ಅಪ್ಪನ ಬ್ಯಾಟರಿ ಮುಟ್ಟೋದು ಬೇಡ” ಎಂದು ಮೊದಲು ಹೇಳಿದವಳೇ ನೀನು. ಅಂಗಡಿಯಲ್ಲಿ ಬ್ಯಾಟರಿ ಇತ್ತು. ಅರ್ಧ ದಿನದ ಕೆಲಸ, ನನಗೆ ಮೈಗಳ್ಳತನ. ಬ್ಯಾಟರಿಯಿಂದ ಸಿಗರೇಟು ಹೊತ್ತಿಸುವ ತೂತಿಗೆ ನೇರ ತಂತಿ ಎಳೆದು, ಕೀಲಿ ತಿರುಗಿಸದೆಯೂ ಕರೆಂಟು ಬರುವ ಹಾಗೆ ಮಾಡಿ, ಅದಕ್ಕೆ ಇನ್ವರ್ಟರ್ ಸಿಕ್ಕಿಸಿ ಕೈತೊಳೆದುಕೊಂಡೆ. ಇಂಜಿನ್ ಚಾಲೂ ಇಟ್ಟರೆ ಆ ಸದ್ದಿನಲ್ಲಿ ಸಾಕ್ಷಿಗಳ ಮಾತು ಕೇಳಿಸುವುದಿಲ್ಲ ಎಂದು ನೀನು ಹೇಳಿದೆ. ಆಗ ನಾನು ಹೇಳಿದ್ದು: “ಇಂಜಿನ್ ಬೇಡ. ಈ ಪೆಟ್ಟಿಗೆ ಕೂಗೋವರೆಗೂ ಧೈರ್ಯವಾಗಿ ಹಾಕು. ಕೂಗಿದ ತಕ್ಷಣ ತೆಗೆದುಬಿಡು, ಅಷ್ಟೇ.” ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುತ್ತಾರೆ. ನಮ್ಮ ಮನೆಗೆ ಮಾತು, ತೂತು ಎರಡನ್ನೂ ಕೊಟ್ಟವನು ನಾನೇ.

ಮೂರು ದಿನ ನೀನು ಆ ವ್ಯಾನಿನೊಳಗೆ ಕೂತೆ. ಸೀಟಿನ ಸಂದಿಯ ಹಿಟ್ಟು ಹಾರಿ ಕೀಲಿಮಣೆಯೆಲ್ಲ ಬೆಳ್ಳಗಾಗಿತ್ತು. ಊಟಕ್ಕೆ ಒಳಗೆ ಬಂದರೆ ಅಪ್ಪ ಹಿಟ್ಟು ಮೆತ್ತಿದ ನಿನ್ನ ಹುಬ್ಬು ನೋಡಿ, “ಬಾರಮ್ಮ ಅಜ್ಜಿ” ಅನ್ನುತ್ತಿದ್ದರು. ಮೂರನೇ ದಿನ ಗುರುವಾರ. ನಾನು ಊಟಕ್ಕೆ ಕೂತಿದ್ದೆ. ನೀನು ಬಾಗಿಲಲ್ಲಿ ನಿಂತು, “ಅಣ್ಣಾ, ಪೆಟ್ಟಿಗೆ ಕೂಗ್ತು. ತೆಗೆದುಬಿಟ್ಟೆ. ಒಂದ್ಸಲ ಇಂಜಿನ್ ಹೊಡೆದು ನೋಡ್ತೀಯಾ?” ಎಂದೆ. ನಾನು ತಟ್ಟೆಯಿಂದ ತಲೆಯೆತ್ತಲಿಲ್ಲ. “ಆಮೇಲೆ ನೋಡ್ತೀನಿ ಹೋಗು” ಎಂದೆ. ಉಂಡು, ಚಾಪೆ ಹಾಸಿಕೊಂಡು ಮಲಗಿದೆ. ಅಂಗಡಿಯ ಬ್ಯಾಟರಿ ತಂದು ತಗುಲಿಸಿ ಇಂಜಿನ್ ಎಬ್ಬಿಸಿದ್ದರೆ ಮುಗಿದುಹೋಗುವ ಕೆಲಸವಾಗಿತ್ತು. ಎರಡು ಗಂಟೆ ಸಮಯವಿತ್ತು, ಆ ಎರಡು ಗಂಟೆಯೂ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಅಪ್ಪನಿಗೆ ಉಬ್ಬಸ ಹೊಸದಲ್ಲ, ಮೂವತ್ತು ವರ್ಷ ಹಿಟ್ಟು ಉಸಿರಾಡಿದ ಮನುಷ್ಯ. ಆದರೆ ಅವತ್ತಿನದು ಬೇರೆ. ತುಟಿ ನೀಲಿಯಾದದ್ದನ್ನು ಮೊದಲು ನೋಡಿದವಳು ನೀನು. ಆಸ್ಪತ್ರೆಗೆ ಒಯ್ಯಲು ಅವರನ್ನು ವ್ಯಾನಿನ ಮುಂದಿನ ಸೀಟಿಗೆ ತಂದು ಕೂರಿಸಿದೆವು. ನಾನು ಕೀಲಿ ತಿರುಗಿಸಿದೆ. ಟಕ್ ಎಂದಿತು, ಅಷ್ಟೇ. ಮತ್ತೆ ತಿರುಗಿಸಿದೆ, ಮತ್ತೆ ಟಕ್. ನೀನು, ಅಮ್ಮ, ಕೊರಳಿಗೆ ಅಳತೆ ಟೇಪು ಹಾಕಿಕೊಂಡೇ ಓಡಿಬಂದ ಎದುರುಮನೆಯ ದರ್ಜಿ, ಮೂರು ಜನ ಹಿಂದಿನಿಂದ ತಳ್ಳಿದಿರಿ. ಹಿಂದೆ ಇದ್ದ ನಿಮಗೆ ಕಾಣದ ಒಂದು ವಿಷಯವಿದೆ. ನಾನು ಗಾಬರಿಯಲ್ಲಿ ಮೊದಲನೇ ಗೇರಿನಲ್ಲಿ ಕ್ಲಚ್ ಬಿಡುತ್ತಿದ್ದೆ, ವ್ಯಾನು ಮುಗ್ಗರಿಸಿ ನಿಲ್ಲುತ್ತಿತ್ತು. ಅಪ್ಪನಿಗೆ ಮಾತಾಡಲು ಉಸಿರಿಲ್ಲ. ನನ್ನ ಮುಖದ ಮುಂದೆ ಎರಡು ಬೆರಳು ಹಿಡಿದರು, ಎರಡನೇ ಗೇರು ಹಾಕು ಎಂದು. ಹಾಕಿದೆ. ಆದರೂ ಹತ್ತಲಿಲ್ಲ. ಓಣಿ ಮುಗಿದು ಏರು ಸಿಕ್ಕಿತು. ನಾನಿಳಿದು ಅಂಗಡಿಗೆ ಓಡಿದೆ. ಬ್ಯಾಟರಿ ಹೆಗಲ ಮೇಲೆ ಹೊತ್ತು ಬಂದು ತಂತಿ ತಗುಲಿಸಿ ಕೀಲಿ ತಿರುಗಿಸಿದರೆ ಒಂದೇ ಏಟಿಗೆ ಇಂಜಿನ್ ಎದ್ದಿತು. ಅಷ್ಟು ನಯವಾಗಿ ಅದು ಯಾವತ್ತೂ ಎದ್ದಿರಲಿಲ್ಲ. ನೀನು ಅಪ್ಪನ ಕೈ ಹಿಡಿದು ಕೂತಿದ್ದೆ. “ಆಫ್ ಮಾಡು ಅಣ್ಣ” ಎಂದೆ.

ಮಣ್ಣು ಮಾಡಿ ಬಂದ ಸಂಜೆ ನಡುಮನೆಯಲ್ಲಿ ದೊಡ್ಡಪ್ಪ ಕೇಳಿದರು, “ಅಲ್ಲಪ್ಪಾ, ಗಾಡಿ ಕರೆಂಟಿನ ಕೆಲಸದವನ ಮನೆ ಗಾಡೀನೇ ಹೊತ್ತಿಗೆ ಸ್ಟಾರ್ಟ್ ಆಗಲಿಲ್ಲ ಅಂದ್ರೆ ಏನರ್ಥ?” ಇಪ್ಪತ್ತು ಜನ ನನ್ನ ಕಡೆ ತಿರುಗಿದರು. ಅವರಲ್ಲಿ ಅರ್ಧ ಜನ ನನ್ನ ಗಿರಾಕಿಗಳು. ನನ್ನ ಬಾಯಿಂದ ಬಂದದ್ದು: “ಇಂಜಿನ್ ಚಾಲೂ ಇಟ್ಟೇ ಲ್ಯಾಪ್‌ಟಾಪ್ ಹಾಕು ಅಂತ ಸಾವಿರ ಸಲ ಹೇಳಿದೀನಿ. ಕೇಳಬೇಕಲ್ಲ.” ನೀನು ಗೋಡೆಗೆ ಒರಗಿ ನಿಂತಿದ್ದೆ. ಅಳಲಿಲ್ಲ, ಕೂಗಲಿಲ್ಲ. “ಬೇರೆಯವರು ಹೇಳಿದ್ದನ್ನ ಹೇಳಿದ ಹಾಗೇ ಬರೆಯೋದು ನನ್ನ ಕೆಲಸ. ಅಣ್ಣ ಹೇಳಿದ್ದು, ಪೆಟ್ಟಿಗೆ ಕೂಗೋವರೆಗೂ ಧೈರ್ಯವಾಗಿ ಹಾಕು ಅಂತ” ಎಂದೆ. ಎಲ್ಲರೂ ಮತ್ತೆ ನನ್ನ ಕಡೆ ನೋಡಿದರು. ನಾನು ನಿನ್ನ ಮುಖವನ್ನೇ ನೋಡುತ್ತಾ, “ನಾನು ಹಾಗೆ ಹೇಳೇ ಇಲ್ಲ” ಎಂದೆ. ಅಮ್ಮ ಎದ್ದು ಬಂದು ನಿನ್ನ ಕೆನ್ನೆಗೆ ಹೊಡೆದಳು. “ಅಪ್ಪನ್ನ ತಿಂದಿದ್ದು ಸಾಲದು ಅಂತ ಅಣ್ಣನ ಮೇಲೆ ಹಾಕ್ತೀಯಾ?” ಎಂದಳು. ಮೂರನೇ ವಾರ ನೀನು ಒಂದು ಚೀಲ ಹಿಡಿದು ಹೋದೆ. ಲ್ಯಾಪ್‌ಟಾಪನ್ನು ನನ್ನ ಮಂಚದ ಮೇಲೆ ಬಿಟ್ಟುಹೋಗಿದ್ದೆ. ಒಂದು ವರ್ಷದ ಮೇಲೆ ನಾನು ಅದನ್ನು ಗುಜರಿಗೆ ಹಾಕಿದೆ.

ಆಮೇಲೆ ನನ್ನ ಅಂಗಡಿ ಬೆಳೆಯಿತು. ತಂಗಿಯಿಂದ ತಂದೆಯನ್ನು ಕಳೆದುಕೊಂಡವನು ಎಂದು ಜನ ಮರುಕದಿಂದಲೇ ಗಾಡಿ ತರುತ್ತಿದ್ದರು. ಹೊಸಬರಿಗೆ ಬುದ್ಧಿ ಹೇಳುವಾಗ ನಾನು ನಿನ್ನ ಕಥೆಯನ್ನೇ ಉದಾಹರಣೆ ಕೊಡುತ್ತಿದ್ದೆ. ‘ನನ್ನ ತಂಗಿ ಹೀಗೆ ಮಾಡಿದಳು’ ಎಂದು. ಎಷ್ಟು ಸಲ ಹೇಳಿದೆನೆಂದರೆ, ಕೊನೆಕೊನೆಗೆ ನಾನು ನಿನಗೆ ಸಾವಿರ ಸಲ ಹೇಳಿದ್ದು ನನಗೇ ನೆನಪಿಗೆ ಬರತೊಡಗಿತ್ತು. ಆ ಸರ್ವೆಯರ್ ಬಂದು ನನ್ನ ಮಾತನ್ನೇ ನನ್ನ ಮುಂದೆ ಆಡಿದ್ದರಿಂದ ಆ ಸುಳ್ಳು ನೆನಪು ಕಳಚಿಬಿತ್ತು.

ಅವತ್ತೇ ಮನೆಗೆ ಹೋಗಿ ಎಲ್ಲವನ್ನೂ ಅಮ್ಮನಿಗೆ ಹೇಳಿದೆ. ಒಣಗಿದ ಬಟ್ಟೆ ಮಡಚುತ್ತಾ ಕೂತಿದ್ದಳು. ಊಟದ ತಟ್ಟೆ, ನೀನು ಬಾಗಿಲಲ್ಲಿ ನಿಂತದ್ದು, ನನ್ನ ನಿದ್ದೆ, ಒಂದನ್ನೂ ಬಿಡಲಿಲ್ಲ. ಅಮ್ಮ ಏನೂ ಅನ್ನಲಿಲ್ಲ. ಮಡಚುವುದು ಮುಗಿದ ಮೇಲೆ ಎದ್ದು ಬಟ್ಟೆಗಳನ್ನು ಬೀರುವಿನೊಳಗೆ ಇಟ್ಟಳು. ನಿನ್ನೆ ದೊಡ್ಡಪ್ಪನ ಮನೆಗೂ ಹೋಗಿ ಹೇಳಿಬಂದೆ. ದೊಡ್ಡಪ್ಪ, “ಆಗಿದ್ದಾಯ್ತು, ಈಗ್ಯಾಕೆ ಕೆದಕ್ತೀಯಾ?” ಎಂದರು. ನಿನ್ನ ಅತ್ತಿಗೆಗೆ ಇವತ್ತು ಬೆಳಿಗ್ಗೆ ಹೇಳಿದೆ. ಅವಳು ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದಾಳೆ; ಯಾವಾಗ ಬರುತ್ತೀ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಕ್ಷಮಿಸು ಎಂದು ನಿನ್ನನ್ನು ಕೇಳುವುದಿಲ್ಲ. ಕೇಳಿದರೆ ಅದೂ ನನ್ನ ಹೊರೆಯನ್ನು ನಿನ್ನ ತಲೆಗೆ ಸಾಗಹಾಕಿದ ಹಾಗೇ. ನೀನು ನಿಜ ಹೇಳಿದ್ದೆ, ನಾನು ಸುಳ್ಳು ಹೇಳಿದ್ದೆ ಎಂದು ನನ್ನ ಕೈಬರಹದಲ್ಲಿ ನಿನ್ನ ಬಳಿ ಇರಲಿ. ಯಾರಿಗೆ ಬೇಕಾದರೂ ತೋರಿಸು. ಮನಸ್ಸು ಬಂದರೆ ಒಮ್ಮೆ ಮನೆಗೆ ಬಾ. ಬಾಗಿಲು ತೆರೆದೇ ಇರುತ್ತದೆ.

ಮೈ ಹುಷಾರಾಗಿ ನೋಡಿಕೊ. ಕೂರುವಾಗ ಬೆನ್ನಿಗೊಂದು ದಿಂಬು ಕೊಟ್ಟುಕೊ. ನಿನ್ನ ಮನೆಯಲ್ಲಿ ಯಾರಾದರೂ ಇದ್ದರೆ, ಮಕ್ಕಳಿದ್ದರೆ, ಅವರಿಗೆಲ್ಲ ಒಳ್ಳೆಯದಾಗಲಿ.

ನಿನ್ನ
ಅಣ್ಣ

ಮರೆತದ್ದು: ಲಕೋಟೆ ಅಂಟಿಸಿದವನು ಮತ್ತೆ ಹರಿದು ಇದನ್ನು ಬರೆಯುತ್ತಿದ್ದೇನೆ. ಅಮ್ಮ ಏನೂ ಅನ್ನಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಬೀರು ಮುಚ್ಚಿ ನನ್ನ ಕಡೆ ತಿರುಗಿ ಅವಳು ಹೇಳಿದ್ದು ಇಷ್ಟು: “ನಂಗೆ ಅವತ್ತೇ ಗೊತ್ತಿತ್ತು. ಅವಳು ಬಂದು ಪೆಟ್ಟಿಗೆ ಕೂಗ್ತು ಅಂದಾಗ ನಾನು ಅಡುಗೆಮನೇಲೇ ಇದ್ದೆ. ನೀನು ಆಮೇಲೆ ನೋಡ್ತೀನಿ ಅಂದಿದ್ದೂ ಕೇಳಿಸ್ಕೊಂಡಿದೀನಿ. ನಿನ್ನ ಮೇಲೆ ಬಂದಿದ್ರೆ ನಿನ್ನ ಅಂಗಡಿಗೆ ಯಾರು ಬರ್ತಿದ್ರು? ನನ್ನನ್ನ ಯಾರು ಸಾಕ್ತಿದ್ರು? ಅವಳು ಹೇಗಿದ್ರೂ ಒಂದಿನ ಬೇರೆ ಮನೆಗೆ ಹೋಗೋಳು, ಸ್ವಲ್ಪ ಬೇಗ ಹೋದ್ಲು ಅಷ್ಟೇ. ಬಾಯಿ ಮುಚ್ಕೊಂಡಿರು.” ಕೈಯೆತ್ತಿ ನಿನಗೆ ಹೊಡೆದಾಗಲೂ ಅವಳಿಗೆ ಎಲ್ಲ ಗೊತ್ತಿತ್ತು ಕಡ್ಡಿ. ಈ ಕಾಗದದ ವಿಷಯ ಅವಳಿಗೆ ಹೇಳಿಲ್ಲ. ಮನೆಗೆ ಬಾ ಎಂದು ಬರೆದಿದ್ದೇನಲ್ಲ, ಅದನ್ನು ಹೊಡೆದುಹಾಕಿಕೊ. ಬರಬೇಡ. ನೀನು ಬಂದರೆ ಅಮ್ಮ ಬಾಗಿಲು ತೆಗೆಯುತ್ತಾಳೆ, ತಬ್ಬಿಕೊಂಡು ಅಳುತ್ತಾಳೆ, ನಿನ್ನನ್ನು ಕ್ಷಮಿಸಿದ್ದೇನೆ ಎನ್ನುತ್ತಾಳೆ. ಅದನ್ನು ನೀನು ನಿಂತು ಕೇಳಿಸಿಕೊಳ್ಳಬಾರದು.