ಎಲ್ಲರಿಗೂ, ಎದುರುಮನೆಯವರನ್ನು ಬಿಟ್ಟು

ಸುಂಕದಕಟ್ಟೆ
೨ ಏಪ್ರಿಲ್ ೨೦೨೪, ಮಂಗಳವಾರ

ಪ್ರೀತಿಯ ಅಕ್ಕಾ,

ಯೇಸುವಿನ ಶಾಂತಿ ನಿನಗೂ ನಿನ್ನ ಕಾನ್ವೆಂಟಿನ ಸಿಸ್ಟರುಗಳಿಗೂ ಇರಲಿ. ಮಂಡಿನೋವು ಹೇಗಿದೆ? ಜಾರ್ಖಂಡಿನ ಬಿಸಿಲಲ್ಲಿ ಆ ಮಕ್ಕಳಿಗೆ ಪಾಠ ಹೇಳುತ್ತಾ ನಿನ್ನ ಊಟ ಮರೆಯಬೇಡ. ಇಲ್ಲಿ ನನ್ನಾಕೆ ಫಿಲೋಮಿನಾ ಚೆನ್ನಾಗಿದ್ದಾಳೆ, ಶುಕ್ರವಾರದಿಂದ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ ಅಷ್ಟೆ. ನನ್ನ ಆರೋಗ್ಯ ಕೇಳಬೇಡ. ಈಸ್ಟರ್ ಹಬ್ಬದ ಬಿರಿಯಾನಿಯೇ ಗಂಟಲಲ್ಲಿ ಇಳಿಯಲಿಲ್ಲ ಎಂದರೆ ನಿನ್ನ ತಮ್ಮನ ಸ್ಥಿತಿ ನಿನಗೆ ತಿಳಿಯುತ್ತದೆ.

ಮೊದಲು ಸಿಹಿ ಸುದ್ದಿ. ಈ ಸಲ ಶುಭ ಶುಕ್ರವಾರದ ದೊಡ್ಡ ಪ್ರಾರ್ಥನೆಗಳನ್ನು ಓದುವ ಭಾಗ್ಯ ನನಗೆ ಒಲಿಯಿತು. ಲೋಕದ ಸಕಲರ ಮುಕ್ತಿಗಾಗಿ ಸಾಲುಸಾಲಾಗಿ ಬರುವ ಬಿನ್ನಹಗಳು ನಿನಗೆ ಗೊತ್ತೇ ಇವೆ: ನಂಬಿದವರಿಗೆ, ನಂಬದವರಿಗೆ, ಆಳುವವರಿಗೆ, ನರಳುವವರಿಗೆ. ಒಂದೊಂದಕ್ಕೂ ಮೊಣಕಾಲೂರಬೇಕು, ಮತ್ತೆ ಏಳಬೇಕು. ಮುಂದಿನ ಸಾಲಿನ ಮುದುಕರೊಬ್ಬರು, 'ವರ್ಷಾ ವರ್ಷಾ ಜನಸಂಖ್ಯೆ ಜಾಸ್ತಿ ಆಗ್ತಾ ಇದೆ ಕಣಪ್ಪ' ಎಂದು ಗೊಣಗಿದ್ದು ನನಗೂ ಕೇಳಿಸಿತು. ಆದರೂ ನಾನು ಮನುಕುಲದ ಪರ ವಕಾಲತ್ತು ಹಾಕಿದವನಂತೆ ಗಂಟಲು ಸರಿಮಾಡಿಕೊಂಡು, ಒಬ್ಬರನ್ನೂ ಬಿಡದೆ ಓದಿದೆ. ಬಿಟ್ಟಿದ್ದು ದೊಡ್ಡಹನುಮಯ್ಯನವರೊಬ್ಬರನ್ನು ಮಾತ್ರ. ಅವರು ಎದುರುಮನೆಯವರಾದ್ದರಿಂದ ಲೋಕದ ಲೆಕ್ಕಕ್ಕೆ ಬರುವುದಿಲ್ಲವೆಂದು ನನ್ನ ತಿಳಿವಳಿಕೆ.

ಕಾರಣ ಕೇಳು. ಈ ಬೇಸಗೆಯಲ್ಲಿ ನಮ್ಮ ಬೀದಿಗೆ ಕಾವೇರಿ ಬರುವುದಿಲ್ಲ, ಬರುವುದು ಟ್ಯಾಂಕರ್. ಅವರು ತಮ್ಮ ಬಾಡಿಗೆ ಮನೆಗಳಿಗೆ ತರಿಸುವ ಟ್ಯಾಂಕರು ನಿಲ್ಲುವುದು ನಮ್ಮ ಗೇಟಿಗೇ ಅಡ್ಡ. ಕೇಳಿದ್ದಕ್ಕೆ, 'ಇದು ನಮ್ ರಾಗಿ ಹೊಲ ಆಗಿತ್ತು, ಗೇಟ್ ಇಡುವಾಗ ನಮ್ಮನ್ನ ಕೇಳಿದ್ರಾ?' ಅಂದರು. ಸರಿ, ಶುಭ ಶುಕ್ರವಾರ ಮಧ್ಯಾಹ್ನ ಬರಿಗಾಲಲ್ಲಿ ಚರ್ಚಿಗೆ ಹೊರಡುವ ಮುಂಚೆ ನನ್ನ ಕಾರನ್ನು ಅವರ ಗೇಟಿಗೆ ಅಡ್ಡ ನಿಲ್ಲಿಸಿದೆ. ಮರೆತು ನಿಲ್ಲಿಸಿದ್ದಲ್ಲ ಅಕ್ಕಾ, ಹಿಂದೆ ಮುಂದೆ ಮಾಡಿ, ಅಳತೆ ನೋಡಿ ನಿಲ್ಲಿಸಿದ್ದು. ಹಿಂದಿನ ಸಂಜೆ ಪವಿತ್ರ ಗುರುವಾರದ ಪಾದ ತೊಳೆಯುವ ಪೂಜೆಯಲ್ಲಿ ಫಾದರ್ ಮಂಡಿಯೂರಿ ತೊಳೆದು ಮುತ್ತಿಟ್ಟಿದ್ದ ಅದೇ ಪಾದದಿಂದ ಕ್ಲಚ್ ಒತ್ತಿದೆ. ಆಮೇಲೆ ನೀನೇ ಹೇಳಿಕೊಟ್ಟ ಮೊಬೈಲ್ ಉಪವಾಸ. ಇಬ್ಬರ ಫೋನುಗಳನ್ನೂ ಯೇಸುವಿನ ಪಟದ ಕೆಳಗಿನ ಬುಟ್ಟಿಗೆ ಹಾಕಿ, ಕಾರಿನ ಕೀಯನ್ನೂ ಭಕ್ತಿಯಿಂದ ಅಲ್ಲೇ ಇಟ್ಟು, ಮನೆಗೆ ಬೀಗ ಜಡಿದು ನಡೆದೆವು.

ಅಲ್ಲಿ ನಾನು ರೋಗಿಗಳ ಆರೋಗ್ಯಕ್ಕೂ ದಾರಿಯಲ್ಲಿರುವವರ ಸುಖ ಪ್ರಯಾಣಕ್ಕೂ ಓದುತ್ತಿದ್ದೆ. ಇಲ್ಲಿ ದೊಡ್ಡಹನುಮಯ್ಯನವರ ಹೆಂಡತಿ ಲಿಂಗಮ್ಮನವರಿಗೆ ಉಬ್ಬಸ ಏರಿತು. ನೀನು ಕಾನ್ವೆಂಟಿಗೆ ಹೊರಟ ದಿನ ನಮ್ಮಮ್ಮನಿಗಿಂತ ಜಾಸ್ತಿ ಅತ್ತಿದ್ದರಲ್ಲ, ಅದೇ ಲಿಂಗಮ್ಮನವರು. ಮಗ ಭೈರೇಶ್ ಕಾರು ತೆಗೆಯಲು ಓಡಿದರೆ ಗೇಟಿನಾಚೆ ನನ್ನ ಕಾರು. ನನ್ನ ಫೋನು ಬುಟ್ಟಿಯಲ್ಲಿ ಬಡಕೊಂಡೇ ಬಡಕೊಂಡಿದೆ. ಕೊನೆಗೆ ಆ ತಾಯಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಬೀದಿಯವರು ಮಾಗಡಿ ರಸ್ತೆವರೆಗೂ ಹೊತ್ತುಕೊಂಡು ಹೋಗಿ ಆಟೋ ಹಿಡಿದರಂತೆ. ನಾವು ವಾಪಸು ಬಂದಾಗ ಅವರ ಒಂದು ಹವಾಯಿ ಚಪ್ಪಲಿ ರಸ್ತೆಯಲ್ಲೇ ಬಿದ್ದಿತ್ತು. ಸೊಸೆ ದಿವ್ಯ ಅದನ್ನು ಎತ್ತಿಕೊಂಡು, 'ಪ್ರಾರ್ಥನೆ ಚೆನ್ನಾಗಾಯ್ತಾ ಅಂಕಲ್?' ಅಂದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಲಿಂಗಮ್ಮನವರು ಇನ್ನೂ ಆಸ್ಪತ್ರೆಯಲ್ಲೇ ಇದ್ದಾರೆ, ಆಕ್ಸಿಜನ್ ತೆಗೆದಿಲ್ಲ. ನಾನು ಫಾದರ್ ಹತ್ತಿರ ಪಾಪನಿವೇದನೆ ಮಾಡಿಬಂದೆ. ಹತ್ತಿಪ್ಪತ್ತು ಜಪಸರ ಹೇಳು ಅಂದಿದ್ದರೆ ಹಾಯಾಗಿ ಹೇಳಿ ಮುಗಿಸುತ್ತಿದ್ದೆ. ಆ ಮಹಾನುಭಾವರು 'ಎದುರುಮನೆಗೆ ಹೋಗಿ ಬಾ' ಅಂದುಬಿಟ್ಟರು. ಚರ್ಚಿನವರೆಗೆ ಬರಿಗಾಲಲ್ಲಿ ನಡೆದವನಿಗೆ ಬೀದಿ ದಾಟಲು ಆಗುತ್ತಿಲ್ಲ. ನಮ್ಮ ಬಾಗಿಲವರೆಗೆ ಹೋಗುತ್ತೇನೆ, ಗಿಡಕ್ಕೆ ನೀರು ಹಾಕಿ ಒಳಗೆ ಬರುತ್ತೇನೆ. ನೀರಿಲ್ಲದ ಊರಲ್ಲಿ ನಮ್ಮ ತುಳಸಿ ಕೊಳೆಯುತ್ತಿದೆ. ಅದಕ್ಕೇ ಕೇಳುವುದು, ನೀನೇ ದೊಡ್ಡಹನುಮಯ್ಯನವರಿಗೆ ಒಂದು ಫೋನ್ ಮಾಡಿ ನನ್ನ ಪರವಾಗಿ ಕ್ಷಮೆ ಕೇಳಿಬಿಡು. ನಿನ್ನ ಮಾತೆಂದರೆ ಅವರಿಗೆ ಗೌರವ.

ಸಿಸ್ಟರುಗಳಿಗೆಲ್ಲ ನಮ್ಮಿಬ್ಬರ ವಂದನೆ ತಿಳಿಸು. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ ಆಶೀರ್ವಾದಕ್ಕೆ ಸದ್ಯ ಲಾಯಕ್ಕಿಲ್ಲದ ತಮ್ಮ,
ಇನ್ನಾಸಪ್ಪ

ವಿ.ಸೂ.: ಲಕೋಟೆ ಅಂಟಿಸುವಷ್ಟರಲ್ಲಿ ದೊಡ್ಡಹನುಮಯ್ಯನವರೇ ನಮ್ಮ ಗೇಟಿಗೆ ಬಂದರು. ಕರೆದರೂ ಒಳಗೆ ಬರಲಿಲ್ಲ. 'ನಿನ್ ಕಾರಿನ್ ವಿಷ್ಯ ಆಮೇಲೆ ಇಟ್ಕೊಳಾಣ. ಚರ್ಚಲ್ಲಿ ಎಲ್ರಿಗೂ ಬೇಡ್ಕೊಂತೀಯಂತಲ್ಲ, ನಮ್ಮೋಳ್ ಹೆಸ್ರೂ ಸೇರಿಸ್ಕೊ. ಡಾಕ್ಟ್ರು ಏನೂ ಬಾಯಿ ಬಿಡ್ತಿಲ್ಲ' ಅಂದು ಹೊರಟೇಬಿಟ್ಟರು. ಭೈರೇಶ್ ಕಾರಿನ ಸಮೇತ ಆಸ್ಪತ್ರೆಯಲ್ಲಿದ್ದಾನೆ, ಇವರು ಬೀದಿ ಕೊನೆಯಲ್ಲಿ ಆಟೋಗೆ ಕಾಯುತ್ತಾ ನಿಂತಿರುವುದು ಇಲ್ಲಿಂದ ಕಾಣುತ್ತಿದೆ. ನೀನು ಫೋನ್ ಮಾಡಬೇಡ. ಕೀ ತಗೊಂಡು ನಾನೇ ಹೋಗುತ್ತಿದ್ದೇನೆ, ಹತ್ತುತ್ತಾರೋ ಉಗಿಯುತ್ತಾರೋ ನೋಡೋಣ. ಇವತ್ತು ಸಂಜೆ ಲಿಂಗಮ್ಮನವರೊಬ್ಬರಿಗೇ ಬೇಡಿಕೋ ಅಕ್ಕಾ. ಮಿಕ್ಕ ಲೋಕ ನಾಳೆವರೆಗೆ ಕಾಯಲಿ.