ಪೈಪಿನ ಬಾಯಿಗೆ ಬೋಲ್ಟ್

ಮಾರ್ಚ್ 4, ಸೋಮವಾರ. ಮಧ್ಯಾಹ್ನ

ಅಕ್ಷರ ಕೋಳಿ ಕೆದಕಿದ ಹಾಗಿದೆ. ಕಾಗುಣಿತವೂ ತಪ್ಪಿರುತ್ತದೆ. ಕ್ಷಮೆ ಇರಲಿ. ಓದಿದ್ದು ಐದನೇ ಕ್ಲಾಸಿನವರೆಗೆ. ಇವತ್ತು ಸಿಟ್ಟು ಬೇರೆ.

ಬೆಳಿಗ್ಗೆ ಎರಡು ಬ್ರೇಕ್ ಡ್ರಮ್ ತೊಳೆದೆ. ಮೂರನೆಯದಕ್ಕೆ ಕೈ ಹಾಕುವಾಗ ಸಿಸ್ಟರ್ ಕಾರು ಬಂತು. ದೂರದಿಂದಲೇ ಗೊತ್ತಾಯಿತು. ಎಂಜಿನ್ ಕಿರುಚುತ್ತಿದೆ, ಎರಡನೇ ಗೇರ್ ಬೀಳುತ್ತಲೇ ಇಲ್ಲ. ನಮ್ಮ ಗೇಟಿನ ಹತ್ತಿರ ಬಿತ್ತು — ಧಡ್! ಯಾರೋ ಹಿಂದಿನಿಂದ ಒದ್ದ ಹಾಗೆ ಕಾರು ಮುಗ್ಗರಿಸಿತು.

ಸಿಸ್ಟರ್ ಅಂದರೆ ನರ್ಸ್. ಹಾಸಿಗೆ ಹಿಡಿದವರ ಮನೆಗೇ ಹೋಗಿ ಡ್ರೆಸ್ಸಿಂಗ್ ಮಾಡುತ್ತಾರೆ. ಎಡಗಾಲಿಗೆ ಚಿಕ್ಕಂದಿನಿಂದ ಕಬ್ಬಿಣದ ಪಟ್ಟಿ. ಕ್ಲಚ್ ತುಳಿಯಲಾಗದು. ಅದಕ್ಕೇ ಈ ಆಟೋಮ್ಯಾಟಿಕ್ ಕಾರು, ನನಗಿಂತ ವಯಸ್ಸಾದದ್ದು.

ಗ್ಯಾರೇಜ್ ಭಾವನದು, ಅಕ್ಕನ ಗಂಡ. ಅವರೇ ಒಂದು ಸುತ್ತು ಓಡಿಸಿಕೊಂಡು ಬಂದರು. ಬಾನೆಟ್ ಎತ್ತಲೂ ಇಲ್ಲ.

"ಗೇರ್‌ಬಾಕ್ಸ್ ಹೋಯ್ತು ಸಿಸ್ಟರ್. ಇದನ್ನ ಕಿತ್ತು ಕ್ಲಚ್ ಇರೋ ಮಾಮೂಲಿ ಬಾಕ್ಸ್ ಹಾಕಿಬಿಡೋಣ."

"ಕ್ಲಚ್ ತುಳಿಯೋಕೆ ದಿನಾ ನೀವು ಪಕ್ಕದಲ್ಲಿ ಬಂದು ಕೂತ್ಕೋತೀರಾ?"

"ಒಬ್ಬ ಡ್ರೈವರ್ ಇಟ್ಕೊಳ್ಳಿ."

"ಹಾಗಾದ್ರೆ ಅವನ ಕೈಲೇ ಡ್ರೆಸ್ಸಿಂಗೂ ಮಾಡಿಸ್ತೀನಿ, ನಾನು ಮನೇಲಿ ಮಲಗ್ತೀನಿ."

ಗುರುವಾರ ಬಂದು ಹೇಳುತ್ತೇನೆ ಅಂದರು ಸಿಸ್ಟರ್. ಕಾರು ಬಿಟ್ಟು ಬಸ್ ಸ್ಟಾಪಿಗೆ ನಡೆದರು. ದಿನಕ್ಕೆ ಹನ್ನೊಂದು ಮನೆ ಅವರದು. ಬಸ್ಸಿನಲ್ಲಿ ನಾಲ್ಕು ಆದರೆ ಹೆಚ್ಚು. ಉಳಿದ ಏಳು ಮನೆಯವರು ಕಾಯುತ್ತಾ ಮಲಗಿರಬೇಕು.

ನಾನು ಬ್ರಷ್ ಹಿಡಿದು ನಿಂತಿದ್ದೆ. ಮತ್ತೆ ಮೂರನೇ ಡ್ರಮ್ಮಿಗೆ ಕೈ ಹಾಕಿದೆ.

ಮಾರ್ಚ್ 5

ಗೇಜ್ ಹಾಕಲೇ ಇಲ್ಲ ಭಾವ! ಐದು ನಿಮಿಷದ ಕೆಲಸ.

ಎಂಜಿನ್ ಗಾಳಿ ಹೀರುತ್ತದೆ. ಗೇಜ್ ಅಳೆಯುವುದು ಅದನ್ನೇ. ಆ ಹೀರುವಿಕೆ ಒಂದು ತೆಳು ಪೈಪಿನಲ್ಲಿ ಗೇರ್‌ಬಾಕ್ಸಿಗೆ ಹೋಗುತ್ತದೆ. ಅಲ್ಲಿ ಟೀ ಲೋಟದಷ್ಟು ದಪ್ಪದ ಒಂದು ಡಬ್ಬಿ, ಒಳಗೆ ರಬ್ಬರ್ ಪೊರೆ. ಹೀರುವಿಕೆ ಜೋರಿದ್ದರೆ ಆಕ್ಸಿಲರೇಟರ್ ಮೇಲೆ ಕಾಲು ಹಗುರ ಇದೆ ಎಂದು ಬಾಕ್ಸಿಗೆ ತಿಳಿಯುತ್ತದೆ, ಬೇಗ, ಮೆತ್ತಗೆ ಗೇರ್ ಬದಲಿಸುತ್ತದೆ. ಹೀರುವಿಕೆ ಬಾರದಿದ್ದರೆ ಕಾಲು ನೆಲಕ್ಕೆ ಒತ್ತಿದ್ದಾರೆ ಎಂದುಕೊಂಡು ತಡವಾಗಿ, ಗುದ್ದಿ ಬದಲಿಸುತ್ತದೆ. ಇಷ್ಟೇ.

ಇದನ್ನು ನನಗೆ ಕಲಿಸಿದ್ದೇ ಭಾವ. ನಾಲ್ಕು ವರ್ಷದ ಹಿಂದೆ. ಆಗ ಗೇಜ್ ಹಾಕದೆ ಯಾವ ಕಾರಿಗೂ ತೀರ್ಪು ಕೊಡುತ್ತಿರಲಿಲ್ಲ. ಈಗ ಕಿವಿಯೇ ಗೇಜ್ ಅನ್ನುತ್ತಾರೆ!

ಊಟದ ಹೊತ್ತಿಗೆ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ.

ಅಕ್ಕ ನೋಡಿದಳು. "ಏನೇ? ಏನೋ ಹೇಳೋಕೆ ಹೊರಟಿದೀಯ."

ಭಾವ ನಕ್ಕರು. "ಮೂಗಿ ಮಾತಾಡಿದ ದಿನ ನಾನು ಗ್ಯಾರೇಜಿಗೆ ಬೀಗ ಹಾಕ್ತೀನಿ ಬಿಡು."

ಅಕ್ಕನೂ ನಕ್ಕಳು. ತಟ್ಟೆ ಎತ್ತಿಕೊಂಡು ಎದ್ದೆ.

ಮಾರ್ಚ್ 6. ಹನ್ನೊಂದು ಗಂಟೆ

ಭಾವ ಬೇರಿಂಗ್ ತರಲು ಹೋದರು. ಗೇಜ್ ಹಾಕಿದೆ. ಹದಿನೆಂಟು ತೋರಿಸಿತು, ಇರಬೇಕಾದಷ್ಟೇ. ಮುಳ್ಳು ಅಲ್ಲಾಡುತ್ತಿಲ್ಲ. ಎಂಜಿನ್ ಚೆನ್ನಾಗಿ ಹೀರುತ್ತಿದೆ. ಹಾಗಾದರೆ ದಾರಿಯಲ್ಲೇ ಎಲ್ಲೋ ತಪ್ಪಿದೆ.

ಕಾರಿನ ಕೆಳಗೆ ಹೋಗಿ ಪೈಪನ್ನು ಕೈಯಲ್ಲೇ ಸವರುತ್ತಾ ಹೋದೆ. ಡಬ್ಬಿಯ ಹತ್ತಿರ ರಬ್ಬರ್ ಪೈಪು ಸುಮ್ಮನೆ ನೇತಾಡುತ್ತಿತ್ತು. ಬಾಯಿಗೆ ಒಂದು ಬೋಲ್ಟ್. ತಲೆಗೆ ನಮ್ಮ ಗ್ಯಾರೇಜಿನ ನೀಲಿ ಬಣ್ಣ.

ಆ ಬೋಲ್ಟ್ ತುರುಕಿದ್ದು ನಾನು.

ಹನ್ನೊಂದೂಕಾಲು

ನೀರು ಕುಡಿದು ಬಂದೆ.

ಡಿಸೆಂಬರಿನಲ್ಲಿ ಇದೇ ಕಾರು ಬಿಳಿ ಹೊಗೆ ಉಗುಳುತ್ತಾ ಬಂದಿತ್ತು. ಬಾಕ್ಸಿನ ಆಯಿಲ್ ಇಳಿಯುತ್ತಿತ್ತು, ನೆಲದ ಮೇಲೆ ಮಾತ್ರ ಒಂದು ತೊಟ್ಟೂ ಇಲ್ಲ. ಡಬ್ಬಿಯೊಳಗಿನ ಪೊರೆ ಹರಿದಿತ್ತು. ಎಂಜಿನ್ ಅದೇ ಪೈಪಿನಿಂದ ಬಾಕ್ಸಿನ ಆಯಿಲ್ ಕುಡಿದು ಸುಡುತ್ತಿತ್ತು. ನಾನು ಕೆಳಗಿದ್ದೆ. ಭಾವ ಮೇಲಿನಿಂದ ಕೂಗಿದರು: "ಏಯ್, ಅದಕ್ಕೊಂದು ಬೋಲ್ಟ್ ತುರುಕು, ಹೊಗೆ ನಿಲ್ಲತ್ತೆ. ಡಬ್ಬಿ ಸಿಕ್ಕಾಗ ಹಾಕೋಣ, ಸದ್ಯಕ್ಕೆ ಸಾಕು."

ನಮ್ಮಲ್ಲಿ ಯಾವ ಪೈಪು ಸೋರಿದರೂ ಇದೇ ಮದ್ದು. ಬೋರ್ಡಿನ ಮೇಲೆ 'ಸದ್ಯಕ್ಕೆ ಗ್ಯಾರೇಜ್' ಅಂತಲೇ ಬರೆಸಬಹುದು.

ಹೊಗೆ ನಿಂತಿತು. ಡಬ್ಬಿ ತರಲೇ ಇಲ್ಲ. ಅವತ್ತಿನಿಂದ ಬಾಕ್ಸಿಗೆ ಸುದ್ದಿಯೇ ಹೋಗುತ್ತಿಲ್ಲ. ಮೂರು ತಿಂಗಳು!

ಗೇರ್ ಕೆಡುತ್ತದೆ ಎಂದು ಅವತ್ತೇ ಗೊತ್ತಿತ್ತು ನನಗೆ. ಗೊತ್ತಿದ್ದೂ ತುರುಕಿದೆ, ಆಮೇಲೆ ಮರೆತೂಬಿಟ್ಟೆ. ಎರಡು ದಿನದಿಂದ ಭಾವನ ಮೇಲೆ ಹಲ್ಲು ಕಡಿಯುತ್ತಿದ್ದೇನಲ್ಲ... ಈ ಕೈಗೆ ಏನು ಮಾಡಲಿ?

ಮಾರ್ಚ್ 7, ಗುರುವಾರ

ಸಿಸ್ಟರ್ ಬಂದರು. ಮುಖ ಬಾಡಿತ್ತು. "ಬೇರೆ ದಾರಿ ಇಲ್ಲಾಂದ್ರೆ ಕಾರು ಮಾರಿಬಿಡ್ತೀನಿ. ಕೆಲಸಾನೂ ಬಿಡ್ತೀನಿ. ಬಸ್ಸಲ್ಲಿ ಆಗಲ್ಲ ನನ್ ಕೈಲಿ."

ಭಾವ ತಲೆ ಆಡಿಸಿದರು. "ಏನ್ಮಾಡೋದು ಸಿಸ್ಟರ್, ಹಳೇ ಗಾಡಿ."

ಆಗ ನನ್ನ ಬಾಯಿಂದ ಬಂದೇಬಿಟ್ಟಿತು. "ಬಾಕ್ಸ್ ಸರಿ ಇದೆ. ಪೈಪಿಗೆ ಬೋಲ್ಟ್ ಹಾಕಿದೆ. ನಾನೇ ಹಾಕಿದ್ದು."

ಭಾವ ನನ್ನ ಕಡೆ ತಿರುಗಿದ. "ಯಾರು ಹೇಳಿದ್ರು ನಿನಗೆ ಹಾಕೋಕೆ?"

ಇವತ್ತು 'ತಿರುಗಿದರು' ಅಂತ ಬರೆಯಲು ಮನಸ್ಸು ಬರುತ್ತಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ಕೇಳಿದ! ಸಿಸ್ಟರ್ ಕಡೆ ನೋಡಿ ನಗುತ್ತಾ, "ಚಿಕ್ಕ ಹುಡುಗಿ ಸಿಸ್ಟರ್, ಗೊತ್ತಾಗಲ್ಲ, ಹೊಟ್ಟೆಗೆ ಹಾಕ್ಕೊಳ್ಳಿ" ಅಂದ.

"ನೀವೇ ಹೇಳಿದ್ದು ಭಾವ. ಇಲ್ಲೇ ನಿಂತ್ಕೊಂಡು. ಸದ್ಯಕ್ಕೆ ಸಾಕು ಅಂದ್ರಿ."

ಭಾವನ ನಗು ಅಲ್ಲೇ ನಿಂತಿತು. ಸಿಸ್ಟರ್ ಅವನನ್ನು ನೋಡಲೂ ಇಲ್ಲ. ನನ್ನನ್ನೇ ನೋಡಿದರು.

"ಹೀಗಾಗತ್ತೆ ಅಂತ ನಿನಗೆ ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

"ಮೂರು ತಿಂಗಳು ಪ್ರತಿ ಸಿಗ್ನಲ್‌ನಲ್ಲೂ ಬೆನ್ನಿಗೆ ಗುದ್ದು ತಿಂದಿದೀನಿ. ನನ್ನ ಕಾಲೇ ಸರಿಯಿಲ್ಲ, ಓಡ್ಸೋಕೆ ಬರಲ್ಲ ಅಂದ್ಕೊಂಡಿದ್ದೆ. ನೀನು ಒಂದು ಮಾತು ಹೇಳಿದ್ರೆ ಸಾಕಿತ್ತು."



"ಹಾಕಿದವಳು ನೀನು, ನೀನೇ ತೆಗಿ. ಬೇರೆ ಯಾರೂ ಮುಟ್ಟೋದು ಬೇಡ" ಅಂದು ಹೋದರು.

ಮಾರ್ಚ್ 14

ಊರಾಚೆಯ ಗುಜರಿಯಲ್ಲಿ ಅದೇ ಜಾತಿಯ ಕಾರು ಸಿಕ್ಕಿತು. ಡಬ್ಬಿ ಬಿಚ್ಚಿದೆ. ಮೊದಲು ಬಾಯಿಟ್ಟು ಹೀರಿ, ನಾಲಿಗೆ ಒತ್ತಿ ಹಿಡಿದೆ. ಗಾಳಿ ಸೋರಲಿಲ್ಲ, ನಾಲಿಗೆ ಅಂಟಿಕೊಂಡೇ ಇತ್ತು. ಪೊರೆ ಗಟ್ಟಿ ಇದೆ. ನಮ್ಮ ಹಳೆಯದನ್ನು ಹೀರಿದಾಗ ಬಾಯಿ ತುಂಬಾ ಕೆಂಪು ಆಯಿಲ್ ಬಂದಿತ್ತು, ಇನ್ನೂ ಊಟ ರುಚಿಸುತ್ತಿಲ್ಲ.

ಹಾಕಿದೆ. ಹೊಸ ರಬ್ಬರ್ ಪೈಪು, ಎರಡು ಕ್ಲಿಪ್. ಸಿಸ್ಟರ್ ಓಡಿಸಿದರು, ನಾನು ಪಕ್ಕದಲ್ಲಿ. ಎರಡನೇ ಗೇರ್ ಯಾವಾಗ ಬಿತ್ತೋ ತಿಳಿಯಲಿಲ್ಲ. ಮೂರನೆಯದೂ ಹಾಗೆಯೇ. ಸಿಸ್ಟರ್ ಸ್ಟೇರಿಂಗ್ ಮೇಲೆ ಒಂದು ಏಟು ಹೊಡೆದರು. ಸಂತೋಷಕ್ಕೋ ಸಿಟ್ಟಿಗೋ. ಥ್ಯಾಂಕ್ಸ್ ಅನ್ನಲಿಲ್ಲ. ಯಾಕನ್ನಬೇಕು?

ಭಾವ ಒಂದು ವಾರದಿಂದ ಮಾತಾಡುತ್ತಿಲ್ಲ. ಸ್ಪ್ಯಾನರ್ ಬೇಕಿದ್ದರೆ ತಾನೇ ಎದ್ದು ತೆಗೆದುಕೊಳ್ಳುತ್ತಾನೆ.

"ಅವರಿಗೂ ನಾಚಿಕೆ ಆಗಿದೆ ಕಣೇ" ಅಂದಳು ಅಕ್ಕ.

"ಆಗಲಿ" ಅಂದೆ.

ಮಾರ್ಚ್ 23, ಶನಿವಾರ

ಸಿಟ್ಟು ಇಳಿದಿಲ್ಲ. ಇಳಿಯುವುದೂ ಬೇಡ.

ಬೆಳಿಗ್ಗೆ ಶಟರ್ ಎತ್ತುವಾಗಲೇ ಸಿಸ್ಟರ್ ಕಾರು ಬಂದು ನಿಂತಿತ್ತು. ಬಾಕ್ಸಿನ ಆಯಿಲ್ ಇಳಿದಿದೆಯೇ ನೋಡಬೇಕಂತೆ. ಬಾನೆಟ್ ಎತ್ತಿದೆ. ಅವರೂ ಇಳಿದು ಬಂದು ಪಕ್ಕದಲ್ಲಿ ನಿಂತರು.

"ನೀನು ಸರಿ ಇದೆ ಅಂದ್ರೆ ನಾನು ನಂಬಲ್ಲ. ನಿಮ್ಮಿಬ್ಬರನ್ನೂ ನಂಬಲ್ಲ. ನೋಡೋದು ಹೇಗೆ ಅಂತ ನನಗೇ ಹೇಳಿಕೊಡು."

ಭಾವ ಬೆಂಚಿನ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದ. ಕೇಳಿಸಿಕೊಳ್ಳಲಿ ಎಂದು ಜೋರಾಗಿಯೇ ಹೇಳಿದೆ. ನೆಲ ಸಮ ಇರಬೇಕು. ಎಂಜಿನ್ ಬಿಸಿಯಾಗಿರಬೇಕು, ಓಡುತ್ತಿರಬೇಕು. ಗೇರ್ ಪಾರ್ಕಿಂಗಿನಲ್ಲಿರಬೇಕು. ಆಯಿಲ್ ಅಳೆಯುವ ಕಡ್ಡಿ ಎಳೆದೆ, ಬಟ್ಟೆಯಲ್ಲಿ ಒರೆಸಿ ತೋರಿಸಿದೆ, ಮತ್ತೆ ಅದ್ದಿ ಎಳೆದಾಗ ಆಯಿಲ್ ಎರಡು ಗೆರೆಯ ನಡುವೆ ಇದ್ದರೆ ಸರಿ ಅಂದೆ. ಕಡ್ಡಿಯನ್ನು ಅವರ ಕೈಗೆ ಕೊಟ್ಟು ಪಕ್ಕಕ್ಕೆ ಸರಿದೆ. ಅವರೇ ಅದ್ದಿ ಎಳೆದು, ಬೆಳಕಿಗೆ ಹಿಡಿದು, ಎರಡು ಗೆರೆಯ ನಡುವೆ ಬೆರಳಿಟ್ಟು ತೋರಿಸಿದರು: ಆಯಿಲ್ ಇಳಿದಿಲ್ಲ.