ಪೆಟ್ಟಿಗೆಗೆ ಕೊಟ್ಟ ವಿಳಾಸ

ಫೆರ್ಮಿನ್,

ಮಸೂರದ ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೋ.

ಫುಟ್‌ಬಾಲ್ ನೋಡಲು ಅಪ್ಪ ತಂಡದ ಶಾಲು ಸುತ್ತಿಕೊಂಡು ಕೂತಿದ್ದರು. ಆಟ ಬರಲಿಲ್ಲ, ‘ಈ ಸೆಟ್‌ಟಾಪ್ ಪೆಟ್ಟಿಗೆ ತನ್ನ ಮನೆಯಲ್ಲಿಲ್ಲ’ ಎಂದು ಟಿ.ವಿ.ಯಲ್ಲಿ ಬಂತು. ಕಂಪನಿಗೆ ಫೋನ್ ಮಾಡಿದರೆ, ‘ಪೆಟ್ಟಿಗೆ ಎಲ್ಲಿದೆ ಅಂತ ಉಪಗ್ರಹದಿಂದ ಗೊತ್ತಾಗುತ್ತೆ ಮೇಡಂ, ನಿಮ್ಮ ತಮ್ಮ ಈ ಖಾತೆಯ ಮನೆ ವಿಳಾಸ ಬದಲಾಯಿಸಿದ್ದಾರೆ’ ಅಂದಳು ಅಲ್ಲಿನ ಹುಡುಗಿ. ಕೊಟ್ಟಿರುವುದು ನಿನ್ನ ಬಾರಿನ ವಿಳಾಸ. ಕೆಟ್ಟಿದೆ ಎಂದು ನೀನು ಇಲ್ಲಿಂದ ಒಯ್ದ, ಇದೇ ಖಾತೆಯ ಇನ್ನೊಂದು ಪೆಟ್ಟಿಗೆಯಲ್ಲಿ ನಿನ್ನ ಗಿರಾಕಿಗಳು ಆಟ ನೋಡುತ್ತಿದ್ದಾರೆ.

ಸಾರಿನಲ್ಲಿರುವ ಸಾಸೇಜ್ ಅಪ್ಪನದು, ಅದನ್ನಾದರೂ ಬಿಡು.

ಟಿ.ವಿ.ಯಲ್ಲಿ ಬಂದದ್ದನ್ನು ಓದಿ ಅವರು ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ‘ಇದು ನಮ್ಮನೆ ಅಲ್ವಂತೆ, ನಡಿಯಮ್ಮ, ಮನೆಗೆ ಹೋಗೋಣ’ ಅಂತಾರೆ. ಒಂದು ಸುತ್ತು ಕರೆದುಕೊಂಡು ಹೋಗಿ ಬರುತ್ತೇನೆ. ಬಂದಾಗ ನೀನೇ ಬಾಗಿಲು ತೆಗೆದು, ಇದೇ ನಮ್ಮ ಮನೆ ಎಂದು ಹೇಳು. ನಾನು ಹೇಳಿದರೆ ನಂಬುತ್ತಿಲ್ಲ.

ರೊಸೌರಾ